ನೇಮ್ ಸರ್ವರ್ ‘ಅವೈಲಬಲ್’ ಅಂದರೆ ಏನರ್ಥ? ಡೊಮೇನ್ ದೋಷ ಹುಡುಕುವ ದಾರಿ

ಕಕ್ಕಡ ತಿಂಗಳ ಮಳೆ ಹಿಡಿದಿತ್ತು. ಗಾಳಿಬೀಡು ಕಡೆಯ ಒಬ್ಬ ಅಕ್ಕ ಫೋನ್ ಮಾಡಿದರು. ಅವರ ಹೋಂಸ್ಟೇ ವೆಬ್‌ಸೈಟನ್ನು ಮಡಿಕೇರಿಯ ನಮ್ಮ ಆಫೀಸಿನ ನೇಮ್ ಸರ್ವರ್‌ಗಳಿಗೆ ಬದಲಾಯಿಸಿ ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಡೊಮೇನ್ ಹೆಸರು ಕೇಳಿದವರಿಗೆ ಸೈಟ್ ಇರುವ ಯಂತ್ರದ ಐಪಿ ವಿಳಾಸ ಹೇಳುವುದು ನೇಮ್ ಸರ್ವರ್ ಕೆಲಸ. ‘ಆಯ್ತಾ ತಮ್ಮಾ? ಆಗಸ್ಟ್ 15ರ ರಜೆಗೆ ರೂಮ್ ಅವೈಲಬಲ್ ಇದೆಯಾ ಅಂತ ದಿನಾ ಕೇಳ್ತಾ ಇದ್ದಾರೆ’ ಅಂದರು. ಆಗಿರಲಿಲ್ಲ. ಡೊಮೇನ್ ಕೊಂಡ ಕಂಪನಿಯ ಪ್ಯಾನೆಲ್‌ನಲ್ಲಿ ಹೊಸ ನೇಮ್ ಸರ್ವರ್ ಹೆಸರು ಹಾಕಿ ಸೇವ್ ಒತ್ತಿದರೆ ಕೆಂಪು ಅಕ್ಷರದಲ್ಲಿ ಒಂದೇ ಸಾಲು ಬರುತ್ತಿತ್ತು: ‘ನೇಮ್ ಸರ್ವರ್ ನಾಟ್ ಅವೈಲಬಲ್’.

ಅದನ್ನು ಓದಿ ನಮ್ಮ ಸರ್ವರ್ ಹೊರಗಿನವರಿಗೆ ಸಿಗುತ್ತಿಲ್ಲ ಅಂದುಕೊಂಡೆ. ಮಳೆಗಾಲ ಬೇರೆ. ಮರ ಬಿದ್ದು ಲೈನ್ ಹರಿಯುವುದು, ಕರೆಂಟು ಹೋಗುವುದು, ಫೈಬರ್ ತುಂಡಾಗುವುದು ಇಲ್ಲಿ ಹೊಸದೇನಲ್ಲ, ಹಾಗಾಗಿ ಅನುಮಾನ ಸೀದಾ ಆ ಕಡೆಗೇ ಹೋಯಿತು. ರೂಟರ್ ನೋಡಿದೆ, ಫೈರ್‌ವಾಲ್ ನೋಡಿದೆ, ನೇಮ್ ಸರ್ವರ್ ಸಾಫ್ಟ್‌ವೇರನ್ನು ಎಷ್ಟೋ ಸಲ ನಿಲ್ಲಿಸಿ ಮತ್ತೆ ಶುರು ಮಾಡಿದೆ, ಮೈಸೂರಿನಲ್ಲಿರುವ ಗೆಳೆಯನಿಗೆ ಫೋನ್ ಮಾಡಿ ಅಲ್ಲಿಂದ ಪರೀಕ್ಷೆ ಮಾಡಿಸಿದೆ. ಎಲ್ಲ ಕಡೆಯಿಂದಲೂ ಸರ್ವರ್ ಚೆನ್ನಾಗಿ ಉತ್ತರ ಕೊಡುತ್ತಿತ್ತು. ಪ್ಯಾನೆಲ್ ಮಾತ್ರ ಅದೇ ಸಾಲನ್ನು ಹೇಳುತ್ತಿತ್ತು. ಹೀಗೆ ಎರಡು ದಿನ ಹೋದವು.

ಉತ್ತರ ಅಕ್ಕನ ಮಾತಿನಲ್ಲೇ ಇತ್ತು. ರೂಮ್ ಅವೈಲಬಲ್ ಅಂದರೆ ರೂಮ್ ಖಾಲಿ ಇದೆ, ಯಾರೂ ತೆಗೆದುಕೊಂಡಿಲ್ಲ. ಮಾಂದಲಪಟ್ಟಿಗೆ ಕರೆದುಕೊಂಡು ಹೋಗಲು ಡ್ರೈವರ್ ಅವೈಲಬಲ್ ಅಂದರೆ ಆಳು ಇದ್ದಾರೆ, ಕರೆದರೆ ಬರುತ್ತಾರೆ. ಪದ ಒಂದೇ, ಅರ್ಥ ಎರಡು. ಡೊಮೇನ್ ವ್ಯವಸ್ಥೆಯಲ್ಲೂ ಇದೇ ಪದ ಈ ಎರಡೂ ಅರ್ಥದಲ್ಲಿ ಓಡಾಡುತ್ತದೆ. ಯಾವ ಕಡೆಯವರು ಯಾವ ಅರ್ಥದಲ್ಲಿ ಹೇಳುತ್ತಿದ್ದಾರೆ ಎಂದು ಗೊತ್ತಾಗುವವರೆಗೆ ಯಾವ ಸರ್ವರನ್ನೂ ಮುಟ್ಟಬೇಡಿ. ಕೆಳಗೆ ಬರೆದಿರುವುದೆಲ್ಲ ಆ ಅರ್ಥವನ್ನು ಬೇಗ ಪತ್ತೆ ಮಾಡುವುದು ಹೇಗೆ ಅನ್ನುವುದರ ಬಗ್ಗೆ.

ರಿಜಿಸ್ಟ್ರಿಯ ಪುಸ್ತಕದಲ್ಲಿ ಹೆಸರು ಇದೆಯಾ?

ಡೊಮೇನ್ ನೋಂದಣಿಯಲ್ಲಿ ನಮ್ಮ ಮೇಲೆ ಇಬ್ಬರು ಇರುತ್ತಾರೆ. ನಾವು ದುಡ್ಡು ಕಟ್ಟಿ ಹೆಸರು ಕೊಳ್ಳುವ ಕಂಪನಿ ರಿಜಿಸ್ಟ್ರಾರ್. ಅದರ ಮೇಲೆ, .ಇನ್, .ಕಾಮ್ ಥರದ ಆ ಕೊನೆಯ ಹೆಸರಿನ ಇಡೀ ಪುಸ್ತಕ ಇಟ್ಟುಕೊಂಡಿರುವುದು ರಿಜಿಸ್ಟ್ರಿ. .ಇನ್ ಹೆಸರುಗಳಿಗೆ ಅದು ನಿಕ್ಸಿ, ಅಂದರೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. .ಕಾಮ್ ಮತ್ತು .ನೆಟ್ ಹೆಸರುಗಳಿಗೆ ವೆರಿಸೈನ್. ರಿಜಿಸ್ಟ್ರಾರ್ ಮತ್ತು ರಿಜಿಸ್ಟ್ರಿ ಮಾತಾಡಿಕೊಳ್ಳುವ ಭಾಷೆಗೆ ಇಪಿಪಿ ಅನ್ನುತ್ತಾರೆ. 2009ರ ಆಗಸ್ಟ್‌ನಲ್ಲಿ ಬಂದ ಆರ್‌ಎಫ್‌ಸಿ 5730ರಿಂದ 5734ರವರೆಗಿನ ದಾಖಲೆಗಳಲ್ಲಿ ಅದರ ನಿಯಮ ಇದೆ. ನೇಮ್ ಸರ್ವರ್ ವಿಷಯ ಇರುವುದು 5732ರಲ್ಲಿ. ಈ ಮಾತುಕತೆ 700ನೇ ಪೋರ್ಟ್‌ನಲ್ಲಿ, ಎನ್‌ಕ್ರಿಪ್ಟ್ ಆಗಿ ನಡೆಯುತ್ತದೆ. ನಮಗೆ ನಿಮಗೆ ಅಲ್ಲಿ ಪ್ರವೇಶ ಇಲ್ಲ. ನಮಗೆ ಕಾಣುವುದು ಪ್ಯಾನೆಲ್ ಮಾತ್ರ, ಅದೂ ರಿಜಿಸ್ಟ್ರಿ ಹೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿಸಿ ಹೇಳುತ್ತದೆ.

ಬಹಳ ರಿಜಿಸ್ಟ್ರಿಗಳು ನೇಮ್ ಸರ್ವರ್ ಹೆಸರನ್ನು ಡೊಮೇನಿನಿಂದ ಬೇರೆಯಾಗಿ, ಒಂದು ಸ್ವತಂತ್ರ ದಾಖಲೆಯಾಗಿ ಇಡುತ್ತವೆ. ಇದಕ್ಕೆ ಹೋಸ್ಟ್ ಆಬ್ಜೆಕ್ಟ್ ಎಂದು ಹೆಸರು. ಉದಾಹರಣೆಗಷ್ಟೇ ತೋಟ.ಇನ್ ಅಂತ ಒಂದು ಡೊಮೇನ್ ಇದೆ ಅಂದುಕೊಳ್ಳಿ. ಅದಕ್ಕೆ ಎನ್ಎಸ್1.ತೋಟ.ಇನ್ ಎಂಬ ನೇಮ್ ಸರ್ವರ್ ಕೊಡಬೇಕಾದರೆ ಮೊದಲು ಎನ್ಎಸ್1.ತೋಟ.ಇನ್ ಎಂಬ ಹೋಸ್ಟ್ ದಾಖಲೆ ಪುಸ್ತಕದಲ್ಲಿ ಇರಬೇಕು. ಆಮೇಲೆ ಡೊಮೇನ್ ಅದರ ಕಡೆಗೆ ಬೆರಳು ತೋರಿಸುತ್ತದೆ.

ಈಗ ಗೊಂದಲದ ಬೇರಿಗೆ ಬರೋಣ. ಇಪಿಪಿಯಲ್ಲಿ ಹೋಸ್ಟ್ ಚೆಕ್ ಎಂಬ ಒಂದು ಕಮಾಂಡ್ ಇದೆ. ರಿಜಿಸ್ಟ್ರಾರ್ ಒಂದು ನೇಮ್ ಸರ್ವರ್ ಹೆಸರು ಕೊಟ್ಟು ಕೇಳುತ್ತದೆ, ರಿಜಿಸ್ಟ್ರಿ 1 ಅಥವಾ 0 ಎಂದು ಹೇಳುತ್ತದೆ. 1 ಅಂದರೆ ಅವೈಲಬಲ್. ಇದರ ಅರ್ಥ ಸರ್ವರ್ ಎದ್ದು ಕೂತಿದೆ ಅಂತಲ್ಲ. ಈ ಹೆಸರಿನ ಹೋಸ್ಟ್ ದಾಖಲೆ ನಮ್ಮ ಪುಸ್ತಕದಲ್ಲಿ ಇನ್ನೂ ಇಲ್ಲ, ಬೇಕಾದರೆ ಹೊಸದಾಗಿ ಮಾಡಿಕೊಳ್ಳಿ ಅಂತ. 0 ಅಂದರೆ ಈಗಾಗಲೇ ಇದೆ, ಜೊತೆಗೆ ‘ಇನ್ ಯೂಸ್’ ಎಂಬ ಕಾರಣವನ್ನೂ ಕೊಡಬಹುದು. ಈ ಚೆಕ್ ಮಾಡುವಾಗ ರಿಜಿಸ್ಟ್ರಿ ನಿಮ್ಮ ಸರ್ವರಿಗೆ ಒಂದೇ ಒಂದು ಪ್ಯಾಕೆಟ್ ಕೂಡ ಕಳಿಸುವುದಿಲ್ಲ. ತನ್ನ ಪುಸ್ತಕ ತೆರೆದು ನೋಡಿ ಹೇಳುತ್ತದೆ, ಅಷ್ಟೇ.

ಈಗ ನನ್ನ ಕೆಂಪು ಸಾಲಿಗೆ ವಾಪಸ್ ಬನ್ನಿ. ಎನ್ಎಸ್1 ಹೆಸರಿನ ಹೋಸ್ಟ್ ದಾಖಲೆ ಪುಸ್ತಕದಲ್ಲಿ ಇರಲಿಲ್ಲ. ಹೋಸ್ಟ್ ಚೆಕ್ ಮಾಡಿದ್ದರೆ ರಿಜಿಸ್ಟ್ರಿ ಅದಕ್ಕೆ ‘ಅವೈಲಬಲ್’ ಎನ್ನುತ್ತಿತ್ತು. ಆದರೆ ಪ್ಯಾನೆಲ್ ಇಲ್ಲದ ಹೋಸ್ಟನ್ನು ಡೊಮೇನಿಗೆ ಜೋಡಿಸಲು ಹೋಗಿ ಏಟು ತಿಂದು ‘ನಾಟ್ ಅವೈಲಬಲ್’ ಎಂದು ಬರೆದಿತ್ತು. ಇರುವ ಪರಿಸ್ಥಿತಿ ಒಂದೇ, ಒಬ್ಬರು ಇದೆ ಅಂತಾರೆ, ಇನ್ನೊಬ್ಬರು ಇಲ್ಲ ಅಂತಾರೆ, ಇಬ್ಬರದೂ ಅವರವರ ಲೆಕ್ಕದಲ್ಲಿ ಸರಿ. ಮಧ್ಯದಲ್ಲಿ ಕೂತವರಿಗೆ ತಲೆ ಕೆಡುತ್ತದೆ, ಅಲ್ವಾ? ಹಾಗಾಗಿ ನಾನು ಈಗ ಆ ಪದವನ್ನೇ ಬಿಟ್ಟಿದ್ದೇನೆ. ಪುಸ್ತಕದ ವಿಷಯಕ್ಕೆ ‘ದಾಖಲಾಗಿದೆ, ದಾಖಲಾಗಿಲ್ಲ’ ಅನ್ನುತ್ತೇನೆ. ಸರ್ವರ್ ವಿಷಯಕ್ಕೆ ‘ಉತ್ತರ ಕೊಡುತ್ತಿದೆ, ಕೊಡುತ್ತಿಲ್ಲ’ ಅನ್ನುತ್ತೇನೆ. ಸಪೋರ್ಟಿನವರ ಜೊತೆ ಮಾತಾಡುವಾಗಲೂ ಹೀಗೇ.

ಸಪೋರ್ಟ್ ಅಂದ ಮೇಲೆ ಒಂದು ಮಾತು. ಪ್ಯಾನೆಲ್ ತೋರಿಸುವ ಸಾಲಿನ ಹಿಂದೆ ಒಂದು ನಾಲ್ಕಂಕಿಯ ಸಂಖ್ಯೆ ಇರುತ್ತದೆ, ಅದನ್ನು ಕೇಳಿ ಪಡೆಯಿರಿ. ಆದರೆ ‘ಇಪಿಪಿ ಕೋಡ್ ಕೊಡಿ’ ಅಂತ ಕೇಳಬೇಡಿ. ಡೊಮೇನನ್ನು ಬೇರೆ ಕಂಪನಿಗೆ ಸಾಗಿಸಲು ಬೇಕಾದ ಗುಟ್ಟಿನ ಪದಕ್ಕೂ ಜನ ಇಪಿಪಿ ಕೋಡ್ ಎಂದೇ ಕರೆಯುತ್ತಾರೆ. ನಾನು ಹಾಗೆ ಕೇಳಿದಾಗ ಆ ಕಡೆಯ ಹುಡುಗಿ ನಾನು ಅವರನ್ನು ಬಿಟ್ಟು ಹೋಗುತ್ತಿದ್ದೇನೆ ಅಂದುಕೊಂಡು ರಿಯಾಯಿತಿ ಕೊಡಲು ಶುರು ಮಾಡಿದಳು. ‘ರಿಜಿಸ್ಟ್ರಿ ಕೊಟ್ಟ ರಿಸಲ್ಟ್ ಕೋಡ್ ಯಾವುದು’ ಎಂದು ಕೇಳಿ.

2303 ಎಂದರೆ ಆ ದಾಖಲೆ ಇಲ್ಲ. ನನ್ನದು ಇದೇ ಆಗಿತ್ತು. ಹೋಸ್ಟ್ ಮಾಡಿಕೊಂಡು ಮತ್ತೆ ಪ್ರಯತ್ನಿಸಬೇಕು. 2302 ಎಂದರೆ ಈಗಾಗಲೇ ಇದೆ, ಮತ್ತೆ ಮಾಡಲು ಹೋಗಬೇಡಿ, ಸುಮ್ನೆ ಜೋಡಿಸಿ. 2201 ಎಂದರೆ ಆ ಕೆಲಸ ಮಾಡುವ ಹಕ್ಕು ಈ ರಿಜಿಸ್ಟ್ರಾರಿಗೆ ಇಲ್ಲ. 2304 ಬಂದರೆ ಡೊಮೇನ್ ಮೇಲೆ ಯಾವುದೋ ಲಾಕ್ ಇದೆ, ಮೊದಲು ಅದನ್ನು ತೆಗೆಯಬೇಕು. 2305ರ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ.

ಹೋಸ್ಟ್ ಮಾಡುವಾಗ ಎಡವುವ ಜಾಗ

ಹೋಸ್ಟ್ ದಾಖಲೆ ಮಾಡುವ ಪುಟ ಬಹಳ ಪ್ಯಾನೆಲ್‌ಗಳಲ್ಲಿ ಒಳಗೆಲ್ಲೋ ಅಡಗಿರುತ್ತದೆ. ಒಬ್ಬರು ಚೈಲ್ಡ್ ನೇಮ್ ಸರ್ವರ್ ಎನ್ನುತ್ತಾರೆ, ಇನ್ನೊಬ್ಬರು ಪ್ರೈವೇಟ್ ನೇಮ್ ಸರ್ವರ್, ಮತ್ತೊಬ್ಬರು ಹೋಸ್ಟ್ ನೇಮ್ಸ್ ಅಥವಾ ಗ್ಲೂ ರೆಕಾರ್ಡ್. ಎಲ್ಲವೂ ಒಂದೇ. ಡೊಮೇನಿನ ಡಿಎನ್ಎಸ್ ಪುಟದಲ್ಲಿ ಎನ್ಎಸ್1ಕ್ಕೆ ಒಂದು ‘ಎ’ ರೆಕಾರ್ಡ್ (ಹೆಸರಿಗೆ ಐಪಿ ಹೇಳುವ ಸಾಲು) ಹಾಕಿದರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾಲದು. ಅದು ನಿಮ್ಮ ಮನೆಯೊಳಗಿನ ಬರಹ. ರಿಜಿಸ್ಟ್ರಿಯ ಪುಸ್ತಕದಲ್ಲಿರುವುದು ಹೊರಗಿನವರು ಮನೆಗೆ ಬರುವ ಮೊದಲೇ ನೋಡುವ ವಿಳಾಸ.

ಯಾಕೆ ಎರಡು ಕಡೆ ಬೇಕು ಅಂದರೆ, ತೋಟ.ಇನ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ .ಇನ್ ಸರ್ವರ್‌ಗಳು ‘ಎನ್ಎಸ್1.ತೋಟ.ಇನ್‌ಗೆ ಕೇಳಿ’ ಅನ್ನುತ್ತವೆ. ಎನ್ಎಸ್1.ತೋಟ.ಇನ್ ಎಲ್ಲಿದೆ ಎಂದು ತಿಳಿಯಬೇಕಾದರೆ ತೋಟ.ಇನ್‌ನ ನೇಮ್ ಸರ್ವರನ್ನೇ ಕೇಳಬೇಕು. ಕೀಲಿ ಪೆಟ್ಟಿಗೆಯೊಳಗೇ ಉಳಿದ ಹಾಗೆ ಆಯಿತು. ಅದನ್ನು ಬಿಡಿಸಲು .ಇನ್ ಸರ್ವರ್‌ಗಳು ಹೆಸರಿನ ಜೊತೆಗೆ ಐಪಿ ವಿಳಾಸವನ್ನೂ ಕೈಗೆ ಕೊಟ್ಟು ಕಳಿಸುತ್ತವೆ. ಅದೇ ಗ್ಲೂ. ಅದು ಬರುವುದು ಹೋಸ್ಟ್ ದಾಖಲೆಯಿಂದ.

ಇದರಿಂದ ಕೆಲವು ನಿಯಮಗಳು ಹುಟ್ಟುತ್ತವೆ. ನಿಮ್ಮದೇ ಡೊಮೇನಿನ ಕೆಳಗಿರುವ ನೇಮ್ ಸರ್ವರಿಗೆ ಐಪಿ ಕೊಡಲೇಬೇಕು. ಬೇರೆ ರಿಜಿಸ್ಟ್ರಿಗೆ ಸೇರಿದ ಹೆಸರಾದರೆ, ಉದಾಹರಣೆಗೆ .ಇನ್ ಡೊಮೇನಿಗೆ .ಕಾಮ್‌ನಲ್ಲಿರುವ ನೇಮ್ ಸರ್ವರ್ ಕೊಟ್ಟರೆ, ಐಪಿ ಬೇಡ. ಒಳಗಿನ ಹೋಸ್ಟನ್ನು ಆ ಡೊಮೇನ್ ಯಾವ ರಿಜಿಸ್ಟ್ರಾರ್ ಕೈಯಲ್ಲಿದೆಯೋ ಅವರು ಮಾತ್ರ ಮಾಡಬಹುದು. ನಿಮ್ಮ ತೋಟ.ಇನ್ ಒಂದು ಕಂಪನಿಯಲ್ಲಿದ್ದು, ಗಿರಾಕಿಯ ಡೊಮೇನ್ ಇನ್ನೊಂದು ಕಂಪನಿಯಲ್ಲಿದ್ದರೆ, ಗಿರಾಕಿಯ ಪ್ಯಾನೆಲ್‌ನಲ್ಲಿ ಕೂತು ಎಷ್ಟು ಒದ್ದಾಡಿದರೂ ಎನ್ಎಸ್1.ತೋಟ.ಇನ್ ದಾಖಲಾಗುವುದಿಲ್ಲ. ನಿಮ್ಮ ಪ್ಯಾನೆಲ್‌ಗೆ ಹೋಗಿ ಅಲ್ಲಿ ಮಾಡಬೇಕು. ಅಕ್ಕನ ಕೇಸಿನಲ್ಲಿ ಆದದ್ದು ಇದೇ. ನಾನು ಅವರ ಪ್ಯಾನೆಲ್‌ನಲ್ಲಿ ಕೂತಿದ್ದೆ.

ಇನ್ನೊಂದು ಸೂಕ್ಷ್ಮ ಇದೆ. ಪುಸ್ತಕ ಒಂದಲ್ಲ, ರಿಜಿಸ್ಟ್ರಿಗೆ ಒಂದೊಂದು. ಎನ್ಎಸ್1.ತೋಟ.ಇನ್ ನಿಕ್ಸಿಯ ಪುಸ್ತಕದಲ್ಲಿ ಐಪಿ ಸಮೇತ ಇರಬಹುದು, ಆದರೆ ಅದನ್ನು ಒಂದು .ಕಾಮ್ ಡೊಮೇನಿಗೆ ಜೋಡಿಸಬೇಕಾದರೆ ವೆರಿಸೈನ್ ಪುಸ್ತಕದಲ್ಲೂ ಅದೇ ಹೆಸರಿನ ಹೊರಗಿನ ಹೋಸ್ಟ್ ಇರಬೇಕು. ಒಳ್ಳೆಯ ರಿಜಿಸ್ಟ್ರಾರ್‌ಗಳು ಇದನ್ನು ನಮಗೆ ಹೇಳದೆಯೇ ಹಿಂದೆ ಮಾಡಿಬಿಡುತ್ತವೆ. ಮೊದಲು ಹೋಸ್ಟ್ ಚೆಕ್, 1 ಬಂದರೆ ಹೋಸ್ಟ್ ಮಾಡುವುದು, ಆಮೇಲೆ ಜೋಡಿಸುವುದು. ಕೆಲವರ ಸಾಫ್ಟ್‌ವೇರ್ ಇದನ್ನು ಮಾಡುವುದಿಲ್ಲ. ‘.ಇನ್‌ಗೆ ಸರಿಹೋಯ್ತು, .ಕಾಮ್‌ಗೆ ಆಗ್ತಿಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಇಲ್ಲೇ. ಇನ್ನು ಎಲ್ಲ ರಿಜಿಸ್ಟ್ರಿಗಳೂ ಹೋಸ್ಟನ್ನು ಬೇರೆಯಾಗಿ ಇಡುವುದಿಲ್ಲ. ಕೆಲವು ಕಡೆ ನೇಮ್ ಸರ್ವರ್ ಹೆಸರು ಡೊಮೇನಿನ ದಾಖಲೆಯೊಳಗೇ ಬರೆದಿರುತ್ತದೆ, ಅಲ್ಲಿ ಹೋಸ್ಟ್ ಚೆಕ್ ಎಂಬುದೇ ಇಲ್ಲ.

ಹೊಸ ಡೊಮೇನ್ ಕೊಳ್ಳುವಾಗಲೇ ಅದರದೇ ಎನ್ಎಸ್1, ಎನ್ಎಸ್2 ಹಾಕಲು ಹೋದರೆ ಬಹಳ ಸಲ ತಿರಸ್ಕಾರ ಆಗುತ್ತದೆ. ಡೊಮೇನ್ ಇಲ್ಲದೆ ಅದರ ಕೆಳಗಿನ ಹೋಸ್ಟ್ ಮಾಡುವಂತಿಲ್ಲ. ಮೊದಲು ರಿಜಿಸ್ಟ್ರಾರಿನ ನೇಮ್ ಸರ್ವರ್ ಇಟ್ಟುಕೊಂಡೇ ಡೊಮೇನ್ ಕೊಳ್ಳಿ, ಆಮೇಲೆ ಹೋಸ್ಟ್ ಮಾಡಿ, ಕೊನೆಗೆ ನೇಮ್ ಸರ್ವರ್ ಬದಲಿಸಿ. ಬೇರೆ ದಾರಿ ಹುಡುಕಿ ಹೊತ್ತು ಕಳೆಯಬೇಡಿ.

ಪುಸ್ತಕ ಸರಿ, ಸರ್ವರ್ ಮಾತಾಡುತ್ತಿದೆಯಾ?

ಕೆಲವು ರಿಜಿಸ್ಟ್ರಿಗಳು ನಿಜವಾಗಿಯೂ ನಿಮ್ಮ ಸರ್ವರ್ ಬಾಗಿಲು ತಟ್ಟಿ ನೋಡುತ್ತವೆ. ಜರ್ಮನಿಯ .ಡಿಇ ನೋಡಿಕೊಳ್ಳುವ ಡೆನಿಕ್ ಹೀಗೆ. ನೀವು ಕೊಟ್ಟ ನೇಮ್ ಸರ್ವರ್‌ಗಳು ಆ ಡೊಮೇನಿಗೆ ಸರಿಯಾಗಿ ಉತ್ತರ ಕೊಡದಿದ್ದರೆ ಬದಲಾವಣೆಯನ್ನೇ ಒಪ್ಪುವುದಿಲ್ಲ. ಅಲ್ಲಿ ‘ನಾಟ್ ಅವೈಲಬಲ್’ ಎಂಬ ಅರ್ಥದ ತಪ್ಪು ಬಂದರೆ ಅದು ಡ್ರೈವರ್ ಇಲ್ಲ ಎಂಬ ಅರ್ಥ. .ಕಾಮ್‌ನಲ್ಲಿ ಹಾಗಲ್ಲ, ಸತ್ತ ಸರ್ವರ್ ಕೊಟ್ಟರೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅಂದರೆ ಪ್ಯಾನೆಲ್ ಹಸಿರು ಟಿಕ್ ತೋರಿಸಿದ್ದಕ್ಕೆ ಸೈಟ್ ಬರುತ್ತದೆ ಎಂದು ಗಿರಾಕಿಗೆ ಹೇಳಬೇಡಿ.

ಎಲ್ಲಕ್ಕಿಂತ ಕಟ್ಟುನಿಟ್ಟು ಮೇಲಿನ ರೂಟ್ ಹಂತದಲ್ಲಿದೆ. .ಇನ್ ಆಗಲಿ, ಕನ್ನಡದ .ಭಾರತ ಆಗಲಿ, ತನ್ನ ನೇಮ್ ಸರ್ವರ್ ಬದಲಿಸಬೇಕಾದರೆ ರೂಟ್ ಪಟ್ಟಿ ನೋಡಿಕೊಳ್ಳುವ ಐಎಎನ್ಎ ಸಂಸ್ಥೆಯ ಪರೀಕ್ಷೆ ದಾಟಬೇಕು. ಕನಿಷ್ಠ ಎರಡು ಸರ್ವರ್ ಇರಬೇಕು, ಅವುಗಳ ಐಪಿ ಬೇರೆ ಇರಬೇಕು, ಡೇಟಾ ಕಳಿಸುವ ಯುಡಿಪಿ, ಟಿಸಿಪಿ ಎಂಬ ಎರಡೂ ವಿಧಾನದಲ್ಲಿ ಉತ್ತರ ಬರಬೇಕು, ಎಲ್ಲವೂ ಒಂದೇ ಉತ್ತರ ಹೇಳಬೇಕು, ಒಂದೇ ನೆಟ್‌ವರ್ಕ್‌ನಲ್ಲಿ ಎಲ್ಲವೂ ಇರಬಾರದು. ಚಿಕ್ಕ ಹೋಂಸ್ಟೇ ಸೈಟಿಗೆ ಇದೆಲ್ಲ ಯಾರೂ ಕಡ್ಡಾಯ ಮಾಡುವುದಿಲ್ಲ. ಆದರೂ ನಾನು ಇದೇ ಪಟ್ಟಿ ಹಿಡಿದು ಪರೀಕ್ಷೆ ಮಾಡುತ್ತೇನೆ.

ಅಕ್ಕನ ಸೈಟಿಗೆ ಎರಡನೇ ಪೆಟ್ಟು ಬಿದ್ದದ್ದು ಈ ಜಾಗದಲ್ಲೇ. ಹೋಸ್ಟ್ ದಾಖಲಾಗಿ, ಸೈಟ್ ಬಂದು, ಎಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ಒಂದು ರಾತ್ರಿ ಗಾಳಿಮಳೆಗೆ ಕರೆಂಟು ಹೋಯಿತು. ಯುಪಿಎಸ್ ಬ್ಯಾಟರಿಯೂ ಮುಗಿಯಿತು. ಮಾರನೇ ದಿನ ಮಧ್ಯಾಹ್ನ ಕರೆಂಟು ಬಂತು, ಆಫೀಸಿನಲ್ಲಿ ಸೈಟ್ ಚೆನ್ನಾಗಿಯೇ ತೆರೆಯಿತು. ಆದರೆ ಬೆಂಗಳೂರಿನ ಅತಿಥಿಗಳಿಗೆ ತೆರೆಯುತ್ತಿಲ್ಲ ಎಂದು ಅಕ್ಕನ ಫೋನ್ ಬಂತು. ಎಲ್ಲರಿಗೂ ಒಂದೇ ಥರ ಅಲ್ಲ, ಕೆಲವರಿಗೆ ಬರುತ್ತಿತ್ತು, ಕೆಲವರಿಗೆ ಇಲ್ಲ.

ಇಂಥ ಹೊತ್ತಿನಲ್ಲಿ ಬ್ರೌಸರ್ ನಂಬಬೇಡಿ. ನೇಮ್ ಸರ್ವರನ್ನು ನೇರವಾಗಿ ಕೇಳುವ ಡಿಗ್ ಎಂಬ ಟೂಲ್ ಬಳಸಿ. ಲಿನಕ್ಸ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಬ್ರೌಸರಿನಲ್ಲೇ ಇದನ್ನು ಓಡಿಸುವ ಸೈಟ್‌ಗಳೂ ಇವೆ. ಮೊದಲು .ಇನ್‌ನ ಎನ್ಎಸ್ ಪಟ್ಟಿ ಕೇಳಿ. ಬಂದ ಸರ್ವರ್‌ಗಳಲ್ಲಿ ಒಂದನ್ನು ಹಿಡಿದು, ‘ನೋ ರಿಕರ್ಸ್’ ಆಯ್ಕೆ ಹಾಕಿ, ನೇರವಾಗಿ ನಿಮ್ಮ ಡೊಮೇನಿನ ಎನ್ಎಸ್ ಕೇಳಿ. ಉತ್ತರದಲ್ಲಿ ಅಥಾರಿಟಿ ಎಂಬ ಭಾಗದಲ್ಲಿ ನೇಮ್ ಸರ್ವರ್ ಹೆಸರು ಇರುತ್ತವೆ, ಅಡಿಷನಲ್ ಎಂಬ ಭಾಗದಲ್ಲಿ ಅವುಗಳ ಐಪಿ. ಇದೇ ಗ್ಲೂ. ರಿಜಿಸ್ಟ್ರಿಯ ಪುಸ್ತಕದಲ್ಲಿ ಈ ಕ್ಷಣ ಏನಿದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ನಮಗೆ ಸಿಗುವುದಿಲ್ಲ.

ಆ ಐಪಿಯನ್ನು ನೋಡಿದೆ. ನಮ್ಮ ಸರ್ವರಿನ ಐಪಿ ಅದಾಗಿರಲಿಲ್ಲ. ನಮ್ಮ ಬ್ರಾಡ್‌ಬ್ಯಾಂಡ್‌ಗೆ ಸ್ಥಿರ ಐಪಿ ಇರಲಿಲ್ಲ, ರೂಟರ್ ಆಫ್ ಆಗಿ ಆನ್ ಆದಾಗ ಹೊಸ ಐಪಿ ಸಿಕ್ಕಿತ್ತು. ಹೋಸ್ಟ್ ದಾಖಲೆಯಲ್ಲಿ ಹಳೆಯದೇ ಕೂತಿತ್ತು. ರಿಜಿಸ್ಟ್ರಿಯ ಲೆಕ್ಕದಲ್ಲಿ ಆ ಹೋಸ್ಟ್ ‘ಓಕೆ’ ಮತ್ತು ‘ಲಿಂಕ್ಡ್’, ಅಂದರೆ ದಾಖಲೆ ಸರಿ ಇದೆ, ಡೊಮೇನಿಗೆ ಜೋಡಣೆಯೂ ಆಗಿದೆ. ಪುಸ್ತಕದಲ್ಲಿ ಒಂದು ತಪ್ಪೂ ಇಲ್ಲ. ಹಾಗೆಂದು ಮನೆಯವರು ಬೇರೆ ಕಡೆ ಹೋಗಿದ್ದಾರೆ ಎಂಬುದು ಪುಸ್ತಕಕ್ಕೆ ಗೊತ್ತಾಗುವುದು ಹೇಗೆ?

ಕೆಲವರಿಗೆ ಸೈಟ್ ಬರುತ್ತಿದ್ದದ್ದು ಯಾಕೆ? ಅವರ ಇಂಟರ್ನೆಟ್ ಕಂಪನಿಯ ರಿಸಾಲ್ವರ್ (ನಮ್ಮ ಪರವಾಗಿ ನೇಮ್ ಸರ್ವರನ್ನು ಕೇಳಿ ಹೇಳುವ ಸರ್ವರ್) ಹಳೆಯ ಉತ್ತರವನ್ನು ನೆನಪಿಟ್ಟುಕೊಂಡಿತ್ತು. ವೆಬ್‌ಸೈಟ್ ಇದ್ದದ್ದು ಬೇರೆ ಕಡೆಯ ಬಾಡಿಗೆ ಸರ್ವರಿನಲ್ಲಿ, ಅದಕ್ಕೆ ಏನೂ ಆಗಿರಲಿಲ್ಲ. ನೆನಪಿನ ಅವಧಿ ಮುಗಿದವರಿಗೆ ಮಾತ್ರ ಬಾಗಿಲು ಮುಚ್ಚಿತ್ತು. ಈ ಅವಧಿ ಸಣ್ಣದಲ್ಲ. .ಕಾಮ್ ಸರ್ವರ್‌ಗಳು ನೇಮ್ ಸರ್ವರ್ ಉತ್ತರದ ಜೊತೆ ಕೊಡುವ ಅವಧಿ 172800 ಸೆಕೆಂಡು, ಅಂದರೆ ಎರಡು ದಿನ. ತಪ್ಪು ಸರಿ ಮಾಡಿದ ಮೇಲೂ ಕೆಲವರಿಗೆ ಸೈಟ್ ಬರುವುದಿಲ್ಲ, ತಪ್ಪು ಆದ ಮೇಲೂ ಕೆಲವರಿಗೆ ಬರುತ್ತದೆ. ‘ನನಗೆ ಬರ್ತಿದೆ’ ಎಂಬ ಮಾತು ಇದರಿಂದಲೇ ಸಾಕ್ಷಿ ಆಗುವುದಿಲ್ಲ.

ಗ್ಲೂ ಐಪಿ ಸರಿ ಇದೆ ಎಂದು ಗೊತ್ತಾದರೆ ಮುಂದಿನ ಹೆಜ್ಜೆ, ಆ ಐಪಿಗೇ ನೇರವಾಗಿ ಡೊಮೇನಿನ ಎಸ್ಒಎ ಕೇಳುವುದು. ಒಂದು ಡೊಮೇನಿನ ದಾಖಲೆಗಳೆಲ್ಲ ಇರುವ ಕಡತಕ್ಕೆ ಝೋನ್ ಅನ್ನುತ್ತಾರೆ, ಅದರ ಮೊದಲ ದಾಖಲೆಯೇ ಎಸ್ಒಎ. ಇಲ್ಲಿ ಬರುವ ಉತ್ತರದ ಬಗೆಯೇ ಕಾಯಿಲೆ ಯಾವುದು ಎಂದು ಹೇಳಿಬಿಡುತ್ತದೆ. ಏನೂ ಬರದೆ ಟೈಮ್ಔಟ್ ಆದರೆ ಸರ್ವರ್ ಸತ್ತಿದೆ, ಇಲ್ಲವೇ ದಾರಿಯಲ್ಲಿ 53ನೇ ಪೋರ್ಟ್ ಮುಚ್ಚಿದೆ. ‘ರೆಫ್ಯೂಸ್ಡ್’ ಬಂದರೆ ಸರ್ವರ್ ಜೀವಂತ ಇದೆ, ಆದರೆ ಈ ಡೊಮೇನ್ ತನ್ನದು ಎಂದು ಅದಕ್ಕೆ ಗೊತ್ತಿಲ್ಲ. ಝೋನ್ ಫೈಲ್ ಲೋಡ್ ಆಗಿರುವುದಿಲ್ಲ, ಅಥವಾ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿರುತ್ತದೆ. ಉತ್ತರ ಬಂದರೂ ಫ್ಲ್ಯಾಗ್ ಸಾಲಿನಲ್ಲಿ ‘ಎಎ’ ಇಲ್ಲದಿದ್ದರೆ ಅದು ಅಧಿಕೃತ ಉತ್ತರ ಅಲ್ಲ, ಬೇರೆಯವರನ್ನು ಕೇಳಿ ಹೇಳಿದ ಮಾತು. ಅದನ್ನು ಒಪ್ಪಬೇಡಿ. ‘ಸರ್ವ್‌ಫೇಲ್’ ಬಂದರೆ ಝೋನ್ ಕೆಟ್ಟಿದೆ ಅಥವಾ ಅವಧಿ ಮುಗಿದಿದೆ.

ಈ ಪರೀಕ್ಷೆಯನ್ನು ಟಿಸಿಪಿಯಲ್ಲೂ ಮಾಡಿ. ಫೈರ್‌ವಾಲ್‌ನಲ್ಲಿ ಯುಡಿಪಿ 53 ಮಾತ್ರ ತೆರೆದು ಟಿಸಿಪಿ ಮರೆಯುವವರು ಜಾಸ್ತಿ. ಚಿಕ್ಕ ಉತ್ತರಗಳು ಯುಡಿಪಿಯಲ್ಲಿ ಹೋಗಿಬಿಡುವುದರಿಂದ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಮತ್ತೆ, ಪರೀಕ್ಷೆಯನ್ನು ಸರ್ವರ್ ಇರುವ ನೆಟ್‌ವರ್ಕ್ ಒಳಗೆ ಕೂತು ಮಾಡಬೇಡಿ. ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಿಂದ ಮಾಡಿ, ಅಥವಾ ಘಟ್ಟದ ಕೆಳಗಿನ ಊರಿನ ಯಾರಿಂದಾದರೂ ಮಾಡಿಸಿ. ಇದೆಲ್ಲ ಒಂದೊಂದೇ ಮಾಡಲು ಬೇಸರವಾದರೆ ಝೋನ್‌ಮಾಸ್ಟರ್ ಎಂಬ ಟೂಲ್ ಇದೆ. ಫ್ರಾನ್ಸಿನ .ಎಫ್ಆರ್ ನೋಡಿಕೊಳ್ಳುವ ಆಫ್ನಿಕ್ ಮತ್ತು ಸ್ವೀಡನ್ನಿನ ಇಂಟರ್ನೆಟ್ ಫೌಂಡೇಶನ್ ಸೇರಿ ಮಾಡಿದ್ದು. ಡೊಮೇನ್ ಹೆಸರು ಕೊಟ್ಟರೆ ಸಾಕು, ಇಷ್ಟನ್ನೂ ಹೊರಗಿನಿಂದ ಪರೀಕ್ಷಿಸಿ ಒಂದು ಪಟ್ಟಿ ಕೊಡುತ್ತದೆ. ನಾನು ಮಾತ್ರ ಡಿಗ್‌ನಿಂದ ಶುರು ಮಾಡುತ್ತೇನೆ. ಪಟ್ಟಿಯಲ್ಲಿ ಇಪ್ಪತ್ತು ಎಚ್ಚರಿಕೆ ಒಟ್ಟಿಗೆ ಬಂದರೆ ಸೈಟ್ ಬೀಳಿಸಿದ್ದು ಯಾವುದು ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ.

ಎನ್ಎಸ್2 ಇದ್ದೂ ಯಾಕೆ ಉಳಿಸಲಿಲ್ಲ?

ನ್ಯಾಯವಾಗಿ ನೋಡಿದರೆ ಎನ್ಎಸ್1 ಬಿದ್ದರೂ ಎನ್ಎಸ್2 ಸೈಟನ್ನು ಉಳಿಸಬೇಕಿತ್ತು. ನಮ್ಮ ಎನ್ಎಸ್2 ಮುಂಬೈಯ ಒಂದು ಬಾಡಿಗೆ ಸರ್ವರಿನಲ್ಲಿತ್ತು, ಅದಕ್ಕೆ ಮಳೆಯ ಕಾಟ ಇಲ್ಲ. ಅದನ್ನು ಕೇಳಿದರೆ ‘ಸರ್ವ್‌ಫೇಲ್’ ಬಂತು. ಇದು ನನಗೆ ಅರ್ಥವಾಗಲು ಒಂದು ಸಂಜೆ ಬೇಕಾಯಿತು.

ಎನ್ಎಸ್2 ತನ್ನ ಝೋನನ್ನು ಎನ್ಎಸ್1ರಿಂದ ನಕಲು ಮಾಡಿಕೊಳ್ಳುತ್ತದೆ. ಎಸ್ಒಎ ದಾಖಲೆಯಲ್ಲಿ ‘ಎಕ್ಸ್‌ಪೈರ್’ ಎಂದು ಒಂದು ಸಂಖ್ಯೆ ಇದೆ. ಎನ್ಎಸ್1 ಅಷ್ಟು ಸೆಕೆಂಡು ಸಿಗದಿದ್ದರೆ ಎನ್ಎಸ್2 ತನ್ನ ನಕಲು ಹಳಸಿತು ಎಂದು ಉತ್ತರ ಕೊಡುವುದನ್ನು ನಿಲ್ಲಿಸುತ್ತದೆ. ನಾನು ಎಲ್ಲಿಂದಲೋ ನಕಲು ಮಾಡಿದ ಝೋನ್ ಫೈಲಿನಲ್ಲಿ ಅದು 86400 ಇತ್ತು. ಒಂದು ದಿನ. ಕರೆಂಟು ಬಂದ ಮೇಲೂ ಐಪಿ ಬದಲಾಗಿದ್ದರಿಂದ ಎನ್ಎಸ್2ಗೆ ಎನ್ಎಸ್1 ಸಿಗಲೇ ಇಲ್ಲ, ಅದು ಹಳೆಯ ಐಪಿಯನ್ನೇ ಕೇಳುತ್ತಿತ್ತು. ಒಂದು ದಿನ ಕಾದು ಸುಮ್ಮನಾಯಿತು. 1996ರ ಆರ್‌ಎಫ್‌ಸಿ 1912 ಈ ಸಂಖ್ಯೆಯನ್ನು ಎರಡರಿಂದ ನಾಲ್ಕು ವಾರ ಇಡಿ ಎಂದು ಹೇಳುತ್ತದೆ. ಎರಡು ವಾರ ಅಂದರೆ 1209600. ಕೊಡಗಿನಲ್ಲಿ ಕೂತು ಸರ್ವರ್ ನಡೆಸುವವರು ನಾಲ್ಕು ವಾರವೇ ಇಡಿ ಎಂದು ನಾನು ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಕುಸಿದು ಹೋದದ್ದನ್ನು ನೋಡಿದವರು ನಾವು. ಇಲ್ಲಿ ಒಂದು ದಿನ ಎಂಬುದು ಯಾವ ಲೆಕ್ಕ?

ಎರಡೂ ನೇಮ್ ಸರ್ವರನ್ನು ಒಂದೇ ಪೆಟ್ಟಿಗೆಯಲ್ಲಿ, ಒಂದೇ ಲೈನಿನಲ್ಲಿ ಇಡುವವರಿಗೂ ಇದೇ ಮಾತು. ಎರಡು ಹೆಸರು ಕೊಟ್ಟರೆ ಪುಸ್ತಕ ಒಪ್ಪಿಕೊಳ್ಳುತ್ತದೆ, ಮಳೆ ಒಪ್ಪುವುದಿಲ್ಲ. ಎರಡನೇ ಸರ್ವರ್ ಬೇರೆ ಊರಿನಲ್ಲಿ, ಬೇರೆ ನೆಟ್‌ವರ್ಕಿನಲ್ಲಿ ಇರಲಿ ಎಂದು 1997ರ ಆರ್‌ಎಫ್‌ಸಿ 2182 ಬಿಡಿಸಿ ಹೇಳಿದೆ.

ಉಳಿದ ಎರಡು ಸಾಧ್ಯತೆ

ಪುಸ್ತಕವೂ ಸರಿ, ಸರ್ವರೂ ಸರಿ, ಆದರೂ ಸೈಟ್ ಬರದಿದ್ದರೆ ಆರ್‌ಡಿಎಪಿಯಲ್ಲಿ (ನೋಂದಣಿಯ ವಿವರ ಎಲ್ಲರಿಗೂ ತೋರಿಸುವ ಸೇವೆ) ಡೊಮೇನಿನ ಸ್ಟೇಟಸ್ ನೋಡಿ. ‘ಕ್ಲೈಂಟ್ ಹೋಲ್ಡ್’ ಇದ್ದರೆ ರಿಜಿಸ್ಟ್ರಾರ್ ತಡೆದಿದೆ, ‘ಸರ್ವರ್ ಹೋಲ್ಡ್’ ಇದ್ದರೆ ರಿಜಿಸ್ಟ್ರಿಯೇ ತಡೆದಿದೆ. ಎರಡರಲ್ಲೂ ಹೆಸರನ್ನು .ಇನ್, .ಕಾಮ್ ಥರದ ಮೇಲಿನ ಝೋನಿನಿಂದ ತೆಗೆದಿರುತ್ತಾರೆ. ‘ಇನ್ಆಕ್ಟಿವ್’ ಇದ್ದರೆ ಯಾವ ನೇಮ್ ಸರ್ವರೂ ಜೋಡಣೆ ಆಗಿಲ್ಲ. .ಕಾಮ್‌ನಂಥ ಹೆಸರು ಕೊಂಡಾಗ ಬರುವ ಈಮೇಲ್ ದೃಢೀಕರಣವನ್ನು 15 ದಿನದೊಳಗೆ ಮಾಡದಿದ್ದರೂ ಡೊಮೇನ್ ನಿಂತುಹೋಗಬಹುದು. ತೋಟದ ಕೆಲಸದಲ್ಲಿರುವವರು ಈಮೇಲ್ ನೋಡುವುದು ಕಡಿಮೆ, ಹಾಗಾಗಿ ಕೊಂಡ ದಿನವೇ ಅವರ ಪಕ್ಕದಲ್ಲಿ ಕೂತು ಆ ಲಿಂಕ್ ಒತ್ತಿಸಿ.

ಎರಡನೆಯದು ಡಿಎನ್ಎಸ್‌ಸೆಕ್. ಉತ್ತರ ನಕಲಿ ಅಲ್ಲ ಎಂದು ಸಹಿ ಹಾಕಿ ತೋರಿಸುವ ವ್ಯವಸ್ಥೆ ಇದು. ಹಳೆಯ ಕಡೆ ಅದು ಆನ್ ಇದ್ದು, ಹೊಸ ನೇಮ್ ಸರ್ವರಿನಲ್ಲಿ ಸಹಿ ಇಲ್ಲದಿದ್ದರೆ, ರಿಜಿಸ್ಟ್ರಿಯಲ್ಲಿ ಉಳಿದ ಹಳೆಯ ಡಿಎಸ್ ದಾಖಲೆ (ಆ ಸಹಿಯ ಗುರುತು) ಎಲ್ಲವನ್ನೂ ಕೆಡಿಸುತ್ತದೆ. ನಿಮ್ಮ ಸರ್ವರ್ ನೇರವಾಗಿ ಕೇಳಿದರೆ ಚೆನ್ನಾಗಿ ಹೇಳುತ್ತದೆ, 8.8.8.8 ಅಥವಾ 1.1.1.1 ಎಂಬ ಸಾರ್ವಜನಿಕ ರಿಸಾಲ್ವರನ್ನು ಕೇಳಿದರೆ ‘ಸರ್ವ್‌ಫೇಲ್’. ಡಿಗ್‌ಗೆ ಸಹಿ ಪರೀಕ್ಷೆ ಬೇಡ ಎನ್ನುವ ‘ಸಿಡಿ’ ಆಯ್ಕೆ ಹಾಕಿ ಅದೇ ರಿಸಾಲ್ವರನ್ನು ಮತ್ತೆ ಕೇಳಿ. ಆಗ ಉತ್ತರ ಬಂದರೆ ತಪ್ಪು ಡಿಎಸ್‌ನದೇ. ಪ್ಯಾನೆಲ್‌ನಲ್ಲಿ ಹಳೆಯ ಡಿಎಸ್ ತೆಗೆಯಿರಿ.

ಹಳೆಯ ಹೋಸ್ಟ್ ಅಳಿಸುವಾಗ ಬಂದ 2305

ಕೊನೆಗೆ ನಾನು ಆಫೀಸಿನಲ್ಲಿ ನೇಮ್ ಸರ್ವರ್ ನಡೆಸುವುದನ್ನೇ ಬಿಟ್ಟೆ. ಸ್ಥಿರ ಐಪಿ ಇರುವ ಎರಡು ಬೇರೆ ಊರಿನ ಬಾಡಿಗೆ ಸರ್ವರ್‌ಗಳಿಗೆ, ಹೊಸ ಹೋಸ್ಟ್ ಹೆಸರುಗಳಲ್ಲಿ, ಎಲ್ಲ ಗಿರಾಕಿಗಳನ್ನೂ ಸಾಗಿಸಿದೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಅಕ್ಕನ ಸೈಟ್ ಅಲುಗಾಡದೆ ನಿಂತಿತ್ತು. ಆಮೇಲೆ ಹಳೆಯ ಎನ್ಎಸ್1 ಹೋಸ್ಟನ್ನು ಅಳಿಸಲು ಹೋದೆ. ತಿರಸ್ಕಾರ. ಸಪೋರ್ಟಿನವರನ್ನು ಕೇಳಿದರೆ ರಿಸಲ್ಟ್ ಕೋಡ್ 2305 ಎಂದರು. ಅಂದರೆ ಈ ಹೋಸ್ಟಿಗೆ ಇನ್ನೂ ಯಾವುದೋ ಡೊಮೇನ್ ಜೋಡಿಕೊಂಡಿದೆ, ಅದನ್ನು ಬಿಡಿಸದೆ ಅಳಿಸುವಂತಿಲ್ಲ.

ಇಂಥ ಹೊತ್ತಿನಲ್ಲಿ ಹೋಸ್ಟಿಗೆ ಬೇರೆ ಯಾವುದೋ ಹೆಸರು ಕೊಟ್ಟು ಕೈ ತೊಳೆದುಕೊಳ್ಳುವ ಅಭ್ಯಾಸ ಕೆಲವು ರಿಜಿಸ್ಟ್ರಾರ್‌ಗಳಲ್ಲಿ ಇತ್ತು. ತುಂಬಾ ಅಪಾಯದ ಕೆಲಸ. ಆ ಹೊಸ ಹೆಸರಿನ ಡೊಮೇನನ್ನು ಯಾರೂ ಕೊಂಡಿರದಿದ್ದರೆ, ಯಾರಾದರೂ ಅದನ್ನು ಕೊಂಡು ಜೋಡಿಕೊಂಡಿರುವ ಎಲ್ಲ ಡೊಮೇನ್‌ಗಳ ಉತ್ತರವನ್ನೂ ತಾವೇ ಕೊಡಬಹುದು. ಹಾಗಾಗಿ ಹೆಸರು ಬದಲಿಸೋಣವೇ ಎಂದು ಅವರು ಕೇಳಿದಾಗ ಬೇಡ ಎಂದೆ. ಹಳೆಯ ಬಿಲ್ ಪುಸ್ತಕ ತೆಗೆದು ಒಂದೊಂದೇ ಡೊಮೇನ್ ಹಿಡಿದು .ಇನ್ ಸರ್ವರನ್ನು ಕೇಳುತ್ತಾ ಹೋದೆ. ಸಿಕ್ಕಿದ್ದು ವಿರಾಜಪೇಟೆಯ ಒಬ್ಬರು ಕಾಫಿಪುಡಿ ಅಂಗಡಿಯವರ ಡೊಮೇನ್. ಸೈಟ್ ಕಟ್ಟುವ ಮೊದಲೇ ಅವರು ಸದ್ಯಕ್ಕೆ ಬೇಡ ಅಂದಿದ್ದರು, ನಾನು ಮರೆತಿದ್ದೆ. ಈಮೇಲ್ ಮಾತ್ರ ಅದೇ ಡೊಮೇನಿನಲ್ಲಿ ಓಡುತ್ತಿತ್ತು, ಎನ್ಎಸ್2 ಒಂದರ ಬಲದಲ್ಲಿ. ಫೋನ್ ಮಾಡಿ ವಿಷಯ ಹೇಳಿ, ಅವರ ಡೊಮೇನನ್ನೂ ಹೊಸ ಹೋಸ್ಟ್‌ಗಳಿಗೆ ಬದಲಿಸಿದೆ. ಎರಡು ದಿನ ಕಾದು ಅಳಿಸು ಒತ್ತಿದಾಗ 1000 ಬಂತು, ಅಂದರೆ ಕೆಲಸ ಆಯಿತು ಎಂಬ ಕೋಡ್.